ದವಡೆಯ ಜಾಡು ಹಿಡಿದ ಬೆನಕಪ್ಪನವರು

ಹೊನ್ನಾಳಿಯ ಬಸ್‌ನಿಲ್ದಾಣದ ಹಿಂದಿನ ಓಣಿಯಲ್ಲಿ ಬೆನಕಪ್ಪನವರು ಹಲ್ಲಿನ ಸೆಟ್ ಕಟ್ಟಿಕೊಡುತ್ತಿದ್ದರು. ಶಿವಮೊಗ್ಗೆಯ ದಂತವೈದ್ಯರೊಬ್ಬರ ಬಳಿ ಒಂಬತ್ತು ವರ್ಷ ದುಡಿದು ಪಳಗಿದ ಕೈ ಅವರದು. ಶಿವನು ಕೊಟ್ಟ ಅನ್ನವನ್ನು ಅಗಿದು ಉಣ್ಣುವ ಭಾಗ್ಯವನ್ನು ಹಲ್ಲಿಲ್ಲದವರಿಗೆ ಮರಳಿಸುವುದೇ ತಮ್ಮ ಪಾಲಿನ ಪೂಜೆಯೆಂದು ನಂಬಿದ್ದರು. ಆ ನಂಬಿಕೆ ೧೯೭೮ರ ಬೇಸಿಗೆಯಲ್ಲಿ ಬಿರುಕುಬಿಟ್ಟಿತು.

ನ್ಯಾಮತಿಯ ರೈತ ಸಣ್ಣಪ್ಪ ಬಂದು, ಬಟ್ಟೆಯಲ್ಲಿ ಸುತ್ತಿದ್ದ ಸೆಟ್ಟೊಂದನ್ನು ಮೇಜಿನ ಮೇಲಿಟ್ಟ. ಎರಡು ವರ್ಷದ ಹಿಂದೆ ಅವನ ತಾಯಿ ಗಾದ್ರಮ್ಮನಿಗೆ ಬೆನಕಪ್ಪನವರೇ ಕಟ್ಟಿಕೊಟ್ಟದ್ದು.

“ಅವ್ವ ತೀರ್ಕಂಡ್ಲು ರೀ. ಇದನ್ನ ಮಣ್ಣಿಗೆ ಹಾಕಾಕೆ ಮನಸ್ಸು ಬರಲಿಲ್ಲ.”

“ಇದರಾಗೆ ಚೆನ್ನಾಗಿ ಉಣ್ತಿದ್ರಲ್ಲ, ಸಣ್ಣಪ್ಪ?”

“ಎಲ್ಲಿ ಉಣ್ಣೋದು? ಟಕಟಕ ಅಂತ ಜಾರೋದು. ನಿಮ್ಮ ಮುಂದೆ ಬರಾಕೆ ಮಾತ್ರ ಹಾಕ್ಕಳೋಳು. ‘ಪಾಪ, ಭಕ್ತಿಯಿಂದ ಮಾಡ್ಯಾರೆ, ನೊಂದ್ಕತಾರೆ’ ಅನ್ನೋಳು. ಕಡೀತನಕ ಬರೀ ಗಂಜಿ.”

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ಬೆನಕಪ್ಪನವರಿಗೆ ತಾಳಲಾರದ್ದಾಯಿತು.

ಅಂದಿನಿಂದ ಆ ಟಕಟಕ ಸದ್ದು ಅವರ ಬೆನ್ನು ಬಿಡಲಿಲ್ಲ. ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟು ಕುಳಿತರೂ ಕೇಳಿಸುತ್ತಿತ್ತು. ಬಸ್ಸಿನಲ್ಲಿ ಎದುರು ಕುಳಿತವರ ಮುಖವೆಲ್ಲ ಅಳಿಸಿ ದವಡೆಯೊಂದೇ ಕಾಣುತ್ತಿತ್ತು. ಕಪಾಟಿನಲ್ಲಿ ಉಳಿದಿದ್ದ ಗಾದ್ರಮ್ಮನ ಬಾಯಿಯ ಪ್ಲಾಸ್ಟರ್ ಅಚ್ಚು ಏನನ್ನೋ ಹೇಳಲು ಕಾದಿರುವಂತೆ ತೋರುತ್ತಿತ್ತು. ಅದನ್ನು ನೋಡುತ್ತ ಕುಳಿತ ಒಂದು ಮಧ್ಯಾಹ್ನ ತಪ್ಪು ಹೊಳೆಯಿತು. ದವಡೆಗಳು ಕೂಡುವ ಅಳತೆಗೆಂದು ಮೇಣ ಕಚ್ಚಿರೆಂದಾಗ ಆ ತಾಯಿ, ಪರಗಂಡಸಿನೆದುರು ಬೋಳುಬಾಯಿ ಕಾಣಬಾರದೆಂದು ಸೆರಗು ಅಡ್ಡ ಹಿಡಿದು, ತುಟಿ ಬಿಗಿದು, ಗದ್ದವನ್ನು ಮುಂದೂಡಿದ್ದಳು. ನಾಚಿದ ಬಾಯನ್ನೇ ಉಣ್ಣುವ ಬಾಯೆಂದು ಬಗೆದು ತಾವು ಹಲ್ಲು ಜೋಡಿಸಿದ್ದರು. ಮೇಲಿನ ಕೆಳಗಿನ ಅಚ್ಚುಗಳನ್ನು ಕೂಡಿಸಿ ಹಲ್ಲು ಜೋಡಿಸುವ ಅವರ ಹಿತ್ತಾಳೆಯ ಕೀಲುಯಂತ್ರವಾದರೋ ಬಾಗಿಲಿನಂತೆ ತೆರೆದು ಮುಚ್ಚಬಲ್ಲದಷ್ಟೇ. ಪಕ್ಕಕ್ಕೆ ಹೊರಳಿ ಅರೆಯುವ ದವಡೆಯ ನಡೆ ಅದಕ್ಕೆ ತಿಳಿಯದು.

ಮೂರು ವರ್ಷ ಅವರು ಪೂರ್ತಿ ಸೆಟ್ ಕಟ್ಟಲು ಒಪ್ಪಲಿಲ್ಲ. ೧೯೮೧ರಲ್ಲಿ ಬಸವಾಪಟ್ಟಣದ ಚೌಡಕ್ಕ ಸೊಸೆ ಅಂಜಿನಮ್ಮನೊಡನೆ ಬಂದು ಪಟ್ಟುಹಿಡಿದಳು. ರೊಟ್ಟಿ ಮುಟ್ಟಿ ಆರು ವರ್ಷವಾಗಿ ಅವಳ ಮೈ ಕಡ್ಡಿಯಾಗಿತ್ತು. ಮತ್ತೆ ತಪ್ಪಿದರೆ ಇನ್ನೊಂದು ಜೀವ ಗಂಜಿಯಲ್ಲೇ ಸವೆಯುವುದೆಂದು ಅಂಜುತ್ತಲೇ ಬೆನಕಪ್ಪನವರು ಒಪ್ಪಿಕೊಂಡರು.

ಅವರು ಮೊದಲು ಮೇಣ ಮುಟ್ಟಲಿಲ್ಲ. ಅತ್ತೆಯ ಗದ್ದದ ಮೇಲೆ ಸೊಸೆಯಿಂದ ಕಾಡಿಗೆಯ ಚುಕ್ಕೆ ಇಡಿಸಿದರು.

“ಈ ವಯಸ್ಸಿಗೆ ನನಗೆ ಯಾರ ದೃಷ್ಟಿ ತಾಗ್ತೈತಪ್ಪ?” ಎಂದಳು ಚೌಡಕ್ಕ.

“ನಿಮ್ಮ ಬೈಗುಳ ತಿಂದ ಓಣಿಯೋರ್ದು ತಾಗಿರ್ತೈತೆ ಬಿಡ್ರಿ, ಅತ್ತೆ,” ಎಂದಳು ಅಂಜಿನಮ್ಮ.

“ಸುಮ್ಕಿರೇ, ಸಾರಿಗೆ ಉಪ್ಪು ಹಾಕಾಕೆ ಬರದೋಳು!”

ಕುಟ್ಟಿದ ಎಲೆ‌ಅಡಿಕೆಯನ್ನು ಬಾಯಿಗಿಟ್ಟುಕೊಂಡು ಚೌಡಕ್ಕ ಜಗಳಕ್ಕಿಳಿದಳು, ಸೆರಗು ಮರೆತೇಹೋಯಿತು. ಅವಳೆದುರು ನಿಲ್ಲಿಸಿದ್ದ ಗಾಜಿನ ಹಲಗೆಯ ಮೇಲೆ ಬೆನಕಪ್ಪನವರು, ಒಂದು ಕಣ್ಣು ಮುಚ್ಚಿ, ಚುಕ್ಕೆ ಸರಿದಲ್ಲೆಲ್ಲ ಮಸಿಯ ಗೆರೆ ಎಳೆದರು. ಎಡಕ್ಕೆ ಓರೆಯಾದ ನೀರಹನಿಯಂಥ ಆಕೃತಿ ಮೂಡಿತು. ರಸ ನುಂಗಿದಾಗಲೆಲ್ಲ ಚುಕ್ಕೆ ಒಂದೇ ಎಡೆಗೆ ಮರಳುತ್ತಿತ್ತು. ದವಡೆಯ ನಿಜವಾದ ನೆಲೆ ಅದೇ ಎಂದರಿತು, ನುಂಗಿಸಿ ಅಲ್ಲಿಯೇ ಮೇಣ ಕಚ್ಚಿಸಿದರು. ಬಳಿಕ ಗೆರೆಯನ್ನು ನೋಡಿನೋಡಿ, ಎಡಕ್ಕೆ ಹೊರಳುವಾಗ ಅಡ್ಡಬರುವ ಹಲ್ಲಿನ ಏಣುಗಳನ್ನು ಅರದಿಂದ ತೇಯ್ದರು. ಹನ್ನೊಂದು ದಿನ ಹಿಡಿಯಿತು.

ಸೆಟ್ ಹಾಕಿದ ದಿನ ಚೌಡಕ್ಕ ರೊಟ್ಟಿಯ ಚೂರೊಂದನ್ನು ಅಗಿದು, “ಚಲೋ ಐತೆ ಕಣಪ್ಪ” ಎಂದಳು. ಬೆನಕಪ್ಪನವರಿಗೆ ಸಮಾಧಾನವಾಗಲಿಲ್ಲ. ಗಾದ್ರಮ್ಮನೂ ಹಾಗೆಯೇ ಅಂದಿದ್ದಳು. ತಮ್ಮೆದುರು ಆಡಿದ ಮಾತು ಸಾಕ್ಷಿಯಲ್ಲ.

ಹದಿನೈದು ದಿನ ಕಳೆದು, ಹೇಳದೆ ಕೇಳದೆ, ಮಧ್ಯಾಹ್ನದ ಊಟದ ಹೊತ್ತಿಗೆ ಬಸವಾಪಟ್ಟಣಕ್ಕೆ ಹೋದರು. ಮನೆಯ ಬಾಗಿಲು ತೆರೆದಿತ್ತು. ಕಳ್ಳನಂತೆ ಗೋಡೆಗೆ ಆತು ಇಣುಕಿದರು. ಚೌಡಕ್ಕ ಒಣಗಿದ ಜೋಳದ ರೊಟ್ಟಿಯನ್ನು ಮುರಿದು, ಬಾಯಿಗಿಟ್ಟು, ದವಡೆಯನ್ನು ಎಡಕ್ಕೆ ಹೊರಳಿಸಿ ಅಗಿಯುತ್ತಿದ್ದಳು. ತುಂಬಿದ ಬಾಯಲ್ಲೇ ಸೊಸೆಯನ್ನು ಬೈಯುತ್ತಲೂ ಇದ್ದಳು.

ಬೆನಕಪ್ಪನವರು ಒಳಗೆ ಹೋಗಲಿಲ್ಲ. ಇನ್ನೊಂದು ತುತ್ತು ನೋಡೋಣ, ಇನ್ನೊಂದು ತುತ್ತು ನೋಡೋಣ ಎಂದು, ಅವಳು ಕೈತೊಳೆಯುವವರೆಗೆ ನಿಂತೇ ಇದ್ದು, ಹಾಗೆಯೇ ಹಿಂದಿರುಗಿದರು. ಆಮೇಲೆ ಬದುಕಿದ್ದಷ್ಟು ಕಾಲವೂ, ಚನ್ನಗಿರಿಯಾಗಲಿ ಜಗಳೂರಾಗಲಿ, ತಾವು ಸೆಟ್ ಕೊಟ್ಟ ಪ್ರತಿ ಮನೆಯ ಹೊರಗೂ ಹದಿನೈದನೆಯ ದಿನ ಅವರು ಹೀಗೆ ನಿಲ್ಲುತ್ತಿದ್ದರು. ನಾಯಿ ಬೊಗಳಿದರೂ ಕದಲುತ್ತಿರಲಿಲ್ಲ.