ಬಾಲ ಎತ್ತಿದ ಮಣ್ಣೆತ್ತು

ಮಣ್ಣೆತ್ತಿನ ಅಮಾವಾಸ್ಯೆ ಹತ್ತಿರ ಬಂತೆಂದರೆ ನನ್ನ ಕೈ ಸುಮ್ಮನಿರುತ್ತಿರಲಿಲ್ಲ. ಹೊಲದಿಂದ ಎರೆಮಣ್ಣು ತಂದು, ನಾದಿ, ಜೋಡಿ ಎತ್ತು ಮಾಡಿ, ಗುಲಗಂಜಿಯ ಕಣ್ಣಿಟ್ಟು ದೇವರ ಜಗಲಿಯ ಮೇಲೆ ಪೂಜೆಗೆ ಕೂಡಿಸುವುದು ನಮ್ಮ ಕಡೆಯ ಪದ್ಧತಿ. ಯಲಬುರ್ಗಾದ ಅಜ್ಜಿಯ ಮನೆಯಲ್ಲಿ ಎತ್ತು ಮಾಡುವ ಕೆಲಸ ನನ್ನದು. ಒಂಬತ್ತು ವರ್ಷದವಳಾದರೂ ಓಣಿಯಲ್ಲಿ ನನ್ನ ಹಾಗೆ ಎತ್ತು ಮಾಡಲು ಯಾರಿಗೂ ಬರುವುದಿಲ್ಲ ಎಂಬ ಸೊಕ್ಕು ಭಾಳ ಇತ್ತು.

ಆ ವರ್ಷ ಮಾಮಾ, ಅಂದರೆ ನಮ್ಮವ್ವನ ತಮ್ಮ, ಹೈದರಾಬಾದಿನ ಕಾಲೇಜಿನಿಂದ ರಜೆಗೆ ಬಂದಿದ್ದ. ಪೆಟ್ಟಿಗೆಯಲ್ಲಿ ಒಂದು ದಪ್ಪ ಇಂಗ್ಲಿಷ್ ಪುಸ್ತಕ. ಅದರೊಳಗೆ ಉದ್ದ ಕುತ್ತಿಗೆ, ಉದ್ದ ಬಾಲದ ಒಂದು ದೈತ್ಯ ಪ್ರಾಣಿಯ ಚಿತ್ರ. ಡೈನೋಸಾರ್ ಎಂಬ ಮಾತು ಯಲಬುರ್ಗಾದಲ್ಲಿ ಮೊದಲು ಬಿದ್ದದ್ದು ನನ್ನ ಕಿವಿಗೇ ಇರಬೇಕು. ನೋಡಿದ್ದೇ ತಡ, ಎತ್ತಿನ ಜೋಡಿಯ ಸಂಗಡ ಈ ಸಲ ಇದನ್ನೂ ಜಗಲಿಗೆ ಏರಿಸಲೇಬೇಕು ಎಂದು ಹಟ ಹಿಡಿದೆ.

ಅಮಾವಾಸ್ಯೆಯ ದಿನ ಮುಂಜಾನೆಯೇ ಕೂತು ಮಾಡಿದೆ. ನಾನು ಒಕ್ಕಲುತನದ ಮನೆಯ ಹುಡುಗಿ. ಅದು ಸೊಪ್ಪು ತಿನ್ನುವ ದೊಡ್ಡ ಪ್ರಾಣಿ ಎಂದು ಮಾಮಾನೇ ಹೇಳಿದಮೇಲೆ ಕೋಡು ಇರದೆ ಇರುತ್ತದೆಯೇ? ಕೋಡಿಟ್ಟೆ. ಬೆನ್ನಿಗೆ ಎತ್ತಿನಂಥ ಡುಬ್ಬ, ಮೂಗಿಗೆ ದಾರ, ಹೆಗಲಿಗೆ ನೊಗ. ಹಿಂದೆ ಬಾರುಕೋಲು ಹಿಡಿದ ಸಣ್ಣ ಮಣ್ಣಿನ ಮನುಷ್ಯ. ಒಯ್ದು ತೋರಿಸಿದರೆ ಮಾಮಾ ಹೊಟ್ಟೆ ಹಿಡಿದುಕೊಂಡು ನಕ್ಕ. ನನಗೆ ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು.

"ನಗೂದ ಸಾಕು. ತಪ್ಪೇನೈತಿ ಹೇಳು, ತಿದ್ತಾಳ," ಎಂದು ಅಜ್ಜಿ ಅಡುಗೆಮನೆಯಿಂದಲೇ ಗದರಿದಳು. "ಹೋಳಿಗಿ ಆಗೂದ್ರಾಗ ಮುಗಸ್ರಿ. ಆಮ್ಯಾಲ ತಂದ್ರ ಜಗಲಿ ಮ್ಯಾಲ ಇಡಂಗಿಲ್ಲ."

ಮಾಮಾ ಕಟ್ಟೆಯ ಮೇಲೆ ಕೂತ. ಮೊದಲು ಮಣ್ಣಿನ ಮನುಷ್ಯ ಹೋದ.

"ಅವು ಇದ್ದಾಗ ಮನಷ್ಯಾ ಅನ್ನಾಂವ ಹುಟ್ಟೇ ಇರಲಿಲ್ಲ ಬೇ. ಅವು ಸತ್ತು ಎಷ್ಟೋ ಕಾಲ ಆದಮ್ಯಾಲ ನಾವು ಬಂದ್ವಿ."

ನೊಗ, ಮೂಗುದಾರ, ಡುಬ್ಬ, ಎಲ್ಲ ಹೋದವು. ಕೋಡು ಇದ್ದವು ಬೇರೆ ಜಾತಿಯವಂತೆ, ಇದಕ್ಕಿಲ್ಲ. ಡೈನೋಸಾರುಗಳಲ್ಲಿ ಎಲ್ಲವೂ ಮಾಂಸ ತಿನ್ನುವವಲ್ಲ, ಎಲ್ಲವೂ ಗುಡ್ಡದಷ್ಟು ದೊಡ್ಡವೂ ಅಲ್ಲ. ಕೋಳಿಯಷ್ಟೇ ಇದ್ದವೂ ಉಂಟು ಎಂದಾಗ ನನಗೆ ನಿರಾಸೆಯೇ ಆಯಿತು.

"ಹಂಗಾರ ಹನುಮನಹಳ್ಳಿ ಕಡೆ ದುಂಡನ ಬಂಡಿಗಲ್ಲು ಅದಾವಲ್ಲ, ಅವು ಇದರ ತತ್ತಿ ಅಲ್ಲೇನು?"

"ಅವು ಬರೇ ಕಲ್ಲು. ಇದರ ತತ್ತಿ ನಿನ್ನ ತೆಕ್ಯಾಗ ಹಿಡಿತಾವ."

ಅಲ್ಲಿಯವರೆಗೆ ಹೇಳಿದ್ದೆಲ್ಲ ತಿದ್ದಿದೆ. ಕೊನೆಗೆ ಮಾಮಾ ಬಾಲಕ್ಕೆ ಬಂದ. ನಾನು ಬಾಲ ಮೇಲೆತ್ತಿ ಮಾಡಿದ್ದೆ.

"ಇದನ್ನ ನೆಲಕ್ಕ ಇಳಿಸು. ಬಾಲ ಎಳಕೊಂತ ನಡೀತಿತ್ತು. ಚಿತ್ರದಾಗ ನೋಡು."

"ದಿನಾ ನೆಲಕ್ಕ ಎಳದ್ರ ಸವದು ಹೋಗಂಗಿಲ್ಲೇನು?"

"ಪುಸ್ತಕದಾಗ ಹಂಗ ಐತಿ, ಮಾರಾಯ್ತಿ!"

"ಚಿತ್ರ ಬರದಾಂವ ನೋಡ್ಯಾನೇನು? ಆವಾಗ ಮನಷ್ಯಾರೇ ಇರಲಿಲ್ಲಂತ ನೀನೇ ಹೇಳಿದಿ."

ಈಗ ಮಾಮಾನಿಗೂ ಸಿಟ್ಟು ಬಂತು. ನೇರ ಅಜ್ಜಿಯ ಹತ್ತಿರ ಹೋದ. "ಯವ್ವಾ, ಇದು ಎತ್ತಲ್ಲ, ದೇವರಲ್ಲ, ಬಾಲನೂ ತಪ್ಪೈತಿ. ಜಗಲಿ ಮ್ಯಾಲ ಇಡಬ್ಯಾಡ."

ಅಜ್ಜಿ ಹಿಟ್ಟಿನ ಕೈಯಲ್ಲೇ ಹೊರಗೆ ಬಂದು ಅದನ್ನು ಸುತ್ತಲೂ ನೋಡಿದಳು.

"ಏನು ತಿಂತಿತ್ತಿದು?"

"ಗಿಡದ ಸೊಪ್ಪು," ಎಂದ ಮಾಮಾ.

"ಆವಾಗ ಮನಷ್ಯಾರು ಒಬ್ಬರೂ ಇರಲಿಲ್ಲೇನು?"

"ಒಬ್ಬರೂ ಇಲ್ಲ."

"ಅಯ್ಯ ಪಾಪ! ಅಷ್ಟು ದೊಡ್ಡ ಜೀವಕ್ಕ ಒಂದ ದಿನ ಯಾರೂ ಕುಂಕುಮ ಹಚ್ಚಲಿಲ್ಲ, ಒಂದ ತುತ್ತು ಹೋಳಿಗಿ ತಿನ್ನಸಲಿಲ್ಲ. ತಾ ಇಲ್ಲೆ."

ಎರಡು ಎತ್ತಿನ ನಡುವೆ ಅದನ್ನು ಕೂಡಿಸಿ, ಹಣೆಗೆ ಕುಂಕುಮವಿಟ್ಟು, ಬಾಯಿಗೆ ಹೋಳಿಗೆ ಹಿಡಿದಳು. ನಾನು ಮಾಮಾನ ಕಡೆ ನೋಡಿ ನಾಲಿಗೆ ಚಾಚಿದೆ. ಅವತ್ತಿನಷ್ಟು ಖುಷಿ ನನ್ನ ಮದುವೆಯಲ್ಲೂ ಆಗಿರಲಿಲ್ಲ, ಖರೇ ಹೇಳುತ್ತೇನೆ.

ಎಷ್ಟೋ ವರ್ಷಗಳ ಮೇಲೆ, ಮೊಮ್ಮಗನ ಬಣ್ಣದ ಪುಸ್ತಕ ತಿರುವುತ್ತಿದ್ದಾಗ ಅದೇ ಪ್ರಾಣಿ ಕಂಡಿತು. ಬಾಲ ನೆಲದಿಂದ ಮೇಲೆ! ಕಲ್ಲಿನಲ್ಲಿ ಉಳಿದ ಹೆಜ್ಜೆಗುರುತುಗಳ ನಡುವೆ ಬಾಲ ಎಳೆದ ಗೆರೆ ಕಾಣುವುದೇ ಅಪರೂಪ, ಹಾಗಾಗಿ ಹಳೆಯ ಚಿತ್ರಗಳೇ ತಪ್ಪು ಎಂದು ಬರೆದಿತ್ತು. ಮರುದಿನವೇ ಪುಸ್ತಕ ಕಂಕುಳಲ್ಲಿ ಹಿಡಿದು ಕುಷ್ಟಗಿಯ ಬಸ್ಸು ಹತ್ತಿದೆ. ಮಾಮಾ ಅಲ್ಲಿಯ ಸಾಲೆಯಲ್ಲಿ ಮಾಸ್ತರಿಕೆ ಮಾಡಿ ನಿವೃತ್ತನಾಗಿ ಮನೆಯಲ್ಲಿದ್ದ.

ಕನ್ನಡಕ ಏರಿಸಿ ಎರಡು ಸಲ ಓದಿದ. "ಅಯ್ಯಯ್ಯ, ಅಷ್ಟು ವರ್ಷ ಹುಡುಗರಿಗೆಲ್ಲ ಬಾಲ ಎಳಕೊಂತ ನಡೀತಿತ್ತು ಅಂತ ಕಲಿಸಿದ್ನಲ್ಲ ಬೇ!" ಎಂದ. ನಾನು ನಗುತ್ತ, ಸೋತೆ ಅನ್ನಲಿ ಎಂದು ಕಾಯುತ್ತ ಕೂತೆ.

ಮಾಮಾ ಎದ್ದು ಒಳಗೆ ಹೋಗಿ ಕುಂಕುಮದ ಭರಣಿ ತಂದ. ಬೆರಳದ್ದಿ ಚಿತ್ರದ ಪ್ರಾಣಿಯ ಹಣೆಗೆ ಹಚ್ಚಿದ.

"ತಪ್ಪಾತವ್ವಾ," ಎಂದ. ನನಗಲ್ಲ, ಅದಕ್ಕೆ.