ಬಗ್ಗಿಸದೆ ಬಿಟ್ಟ ಬಟ್ಟಲು

ಬಹ್ರೈನಿನ ಹೂರಾ ಬಡಾವಣೆಯ ಹಿಂದಿನ ಓಣಿಯಲ್ಲಿ ಒಂದು ಹಳೆಯ ಹೋಟೆಲಿದೆ. ಅದರ ಮೊದಲ ಮಹಡಿಯಲ್ಲಿರುವ ಜಪಾನಿ ಪಬ್ಬನ್ನು ನಮ್ಮ ಆಫೀಸಿನವರಿಗೆ ತೋರಿಸಿಕೊಟ್ಟವನು ನಾನು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಆಮೇಲೆ ಆ ಜಾಗವನ್ನು ಕಂಡುಹಿಡಿದ ಕೀರ್ತಿ ನಮ್ಮ ಮ್ಯಾನೇಜರ ಪಾಲಾಯಿತು, ಆ ಸಿಟ್ಟು ನನಗೆ ಇನ್ನೂ ಇಳಿದಿಲ್ಲ.

ನಾನು ಮೀನಾ ಸಲ್ಮಾನ್ ಬಂದರಿನ ಒಂದು ಗೋದಾಮಿನಲ್ಲಿ ಸ್ಟೋರ್ಸ್ ನೋಡಿಕೊಳ್ಳುವವನು. ಏಸಿ ಮತ್ತು ಕೋಲ್ಡ್ ರೂಮುಗಳ ಬಿಡಿಭಾಗ ಮಾರುವ ಕಂಪನಿ ನಮ್ಮದು. ಊರು ಕಾರ್ಕಳದ ಹತ್ತಿರ. ಒಂದು ಸಲ ಆ ಹೋಟೆಲಿನ ಕೋಲ್ಡ್ ರೂಮು ಕೈಕೊಟ್ಟಾಗ ಕಂಪ್ರೆಸರ್ ಹಿಡಿದುಕೊಂಡು ಮೆಕ್ಯಾನಿಕ್ ಜೊತೆ ನಾನೇ ಹೋಗಿದ್ದೆ. ಕೆಲಸ ಮುಗಿಯುವ ಹೊತ್ತಿಗೆ ಪಬ್ಬಿನ ಒಡತಿ, ಅರವತ್ತು ದಾಟಿದ ಜಪಾನಿ ಹೆಂಗಸು, ಚಿಕ್ಕ ತಟ್ಟೆಯಲ್ಲಿ ಕಂದು ಬಣ್ಣದ ಹೋಳುಗಳನ್ನು ತಂದಿಟ್ಟಳು. ಬಾಯಿಗಿಟ್ಟರೆ ಹೊಗೆಯ ವಾಸನೆ. ಮೂಲಂಗಿಯನ್ನು ಒಲೆಯ ಮೇಲೆ ತೂಗುಹಾಕಿ, ಹೊಗೆ ಹಿಡಿಸಿ, ಆಮೇಲೆ ತೌಡು ಉಪ್ಪಿನಲ್ಲಿ ಹುದುಗಿಸಿಟ್ಟದ್ದು ಅದು. ಅವಳ ಊರು ಜಪಾನಿನ ಉತ್ತರದ ಅಕಿತಾ. ಅಲ್ಲಿ ಚಳಿಗಾಲದಲ್ಲಿ ಹಿಮ ಬಿದ್ದು ಬಿಸಿಲೇ ಸಿಗುವುದಿಲ್ಲವಂತೆ, ಹಾಗಾಗಿ ತರಕಾರಿಯನ್ನೂ ಹೊಗೆಯಲ್ಲೇ ಒಣಗಿಸುತ್ತಾರಂತೆ. ನಮ್ಮ ಅಡುಗೆಮನೆಯಲ್ಲಿ ಒಣಮೀನಿಗೆ ಇದೇ ವಾಸನೆ ಇರುತ್ತಿತ್ತು ಎಂದೆ. ಅವಳಿಗೆ ಖುಷಿಯಾಗಿ ಇನ್ನೊಂದು ತಟ್ಟೆ ತಂದಳು.

ಬಹ್ರೈನಿನಲ್ಲಿ ಜಪಾನಿ ಊಟವೆಂದರೆ ಜನ ಶಾಪಿಂಗ್ ಮಾಲಿನ ಸುಶಿ ಎಂದುಕೊಳ್ಳುತ್ತಾರೆ. ಇವಳಲ್ಲಿ ಸುಶಿ ಇಲ್ಲ. ಯಾರಾದರೂ ಕೇಳಿದರೆ ಮೆಟ್ಟಿಲ ಕಡೆ ಕೈ ತೋರಿಸುತ್ತಾಳೆ. ಅವಳ ಊರಿನ ಅಡುಗೆ ಮಾತ್ರ: ಅನ್ನವನ್ನು ಅರೆಬರೆ ಕುಟ್ಟಿ, ಕೋಲಿಗೆ ಮೆತ್ತಿ, ಕೆಂಡದ ಮೇಲೆ ಸುಟ್ಟು, ಕೋಳಿಯ ಸಾರಿನಲ್ಲಿ ಬಿಟ್ಟದ್ದು. ಹುದುಗಿಸಿದ ಮೀನಿನ ರಸ ಹಾಕಿ ಕುದಿಸಿದ ಇನ್ನೊಂದು ಸಾರು, ಅದರ ಘಾಟಿಗೆ ಅರ್ಧ ಗಿರಾಕಿಗಳು ಮೂಗು ಮುಚ್ಚಿಕೊಳ್ಳುತ್ತಾರೆ. ಕುಡಿಯಲಿಕ್ಕೆ ಅವಳೂರಿನ ಪಕ್ಕದ ಭಟ್ಟಿಯ ಸಾಕೆ, ಎಂದರೆ ಅಕ್ಕಿಯ ಮದ್ಯ. ಪಿಂಗಾಣಿಯ ಪುಟ್ಟ ಹೂಜಿಯಲ್ಲಿ ಹಾಕಿ ಬಿಸಿನೀರಿನಲ್ಲಿಟ್ಟು ಬೆಚ್ಚಗೆ ಮಾಡಿ ಕೊಡುತ್ತಾಳೆ. ಹೋಟೆಲು ಹಳೆಯದು, ಕುರ್ಚಿಗಳ ರೆಕ್ಸಿನ್ ಹರಿದಿದೆ, ಆದ್ದರಿಂದ ನಮ್ಮಂಥವರ ಕೈಗೆಟುಕುತ್ತದೆ.

ಬಾಯಿ ಸುಮ್ಮನಿರಲಾರದೆ ಆಫೀಸಿನಲ್ಲಿ ಇದನ್ನೆಲ್ಲ ಹೇಳಿದೆ. ನಮ್ಮ ಮ್ಯಾನೇಜರಿಗೆ ಕಿವಿ ನೆಟ್ಟಗಾಯಿತು. ಅವರು ಮೈಸೂರಿನವರು, ಹಿಂದೆಂದೋ ಒಂದು ವಾರದ ತರಬೇತಿಗೆ ಒಸಾಕಾಕ್ಕೆ ಹೋಗಿ ಬಂದವರು. ಆ ಒಂದು ವಾರದ ಬಲದ ಮೇಲೆ ಜಪಾನಿನ ಬಗ್ಗೆ ಜೀವಮಾನವಿಡೀ ಮಾತಾಡಲು ಹೊರಟಿದ್ದರು. ಆಮೇಲೆ ಪ್ರತಿ ಗುರುವಾರ ಸಂಜೆ ಮೂವರು ಅಲ್ಲಿಗೆ ಹೋಗುವುದು ರೂಢಿಯಾಯಿತು: ಮ್ಯಾನೇಜರು, ನಾನು, ಮತ್ತು ಕಂಪ್ಯೂಟರ್ ವಿಭಾಗದ ಒಬ್ಬ ಬೆಂಗಳೂರಿನವನು. ಮ್ಯಾನೇಜರು ನಕ್ಕರೆ ನಗುವುದು, ಅವರು ಹುಬ್ಬು ಗಂಟಿಕ್ಕಿದರೆ ತಾನೂ ಗಂಟಿಕ್ಕುವುದು ಅವನ ಮುಖ್ಯ ಕೆಲಸವಾಗಿತ್ತು.

ಮೊದಲ ದಿನವೇ ಮ್ಯಾನೇಜರು ಕಾನೂನು ಮಾಡಿದರು. "ನೋಡ್ರಯ್ಯಾ, ಜಪಾನಲ್ಲಿ ಯಾರೂ ತಮ್ಮ ಬಟ್ಟಲಿಗೆ ತಾವೇ ಬಗ್ಗಿಸ್ಕೊಳಲ್ಲ. ಪಕ್ಕದವರು ಬಗ್ಗಿಸ್ಬೇಕು. ಚಿಕ್ಕವರು ದೊಡ್ಡವರಿಗೆ ಎರಡೂ ಕೈಲಿ ಹಿಡ್ಕೊಂಡು ಬಗ್ಗಿಸ್ಬೇಕು. ತಾನೇ ಬಗ್ಗಿಸ್ಕೊಂಡ್ರೆ ಜೊತೇಲಿರೋರಿಗೆ ಅವಮಾನ."

ಒಳ್ಳೆಯ ಪದ್ಧತಿಯೇ. ನನಗೂ ಇಷ್ಟವಾಯಿತು. ನಮ್ಮ ಅಜ್ಜ ಮರ ಹತ್ತಿ ಕಳ್ಳು ಇಳಿಸುತ್ತಿದ್ದವರು. ನಮ್ಮೂರ ಗಡಂಗಿನಲ್ಲಿ ಅವರವರ ಕುಪ್ಪಿ ಅವರವರ ಕೈಯಲ್ಲಿ, ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಇಲ್ಲಿ ಒಬ್ಬರ ಬಟ್ಟಲನ್ನು ಇನ್ನೊಬ್ಬರು ನೋಡಿಕೊಳ್ಳುವುದು ನೋಡಿ ಚೆನ್ನಾಗಿದೆ ಅನ್ನಿಸಿತ್ತು.

ಒಂದು ಗುರುವಾರ ಮ್ಯಾನೇಜರು ಈ ಕಾನೂನನ್ನು ಒಡತಿಗೇ ವಿವರಿಸತೊಡಗಿದರು. ಅವಳು ಹೂಜಿ ಇಡುತ್ತಾ ತಾಳ್ಮೆಯಿಂದ ಕೇಳಿಸಿಕೊಂಡಳು. ಆಮೇಲೆ ತನ್ನ ಮುರುಕು ಇಂಗ್ಲಿಷಿನಲ್ಲಿ, ನಮ್ಮಪ್ಪನ ಅಂಗಡಿಯಲ್ಲಿ ಎರಡನೇ ಹೂಜಿ ಬರುವವರೆಗೆ ಮಾತ್ರ ಆ ಮರ್ಯಾದೆ, ಆಮೇಲೆ ಅವರವರದು ಅವರವರೇ ಬಗ್ಗಿಸಿಕೊಳ್ಳುತ್ತಿದ್ದರು, ಗೆಳೆಯರ ಮಧ್ಯೆ ಕಾಯುತ್ತಾ ಕೂರಲು ಯಾರಿಗೆ ಪುರಸೊತ್ತು, ಎಂದಳು.

ನನಗೆ ನಗು ತಡೆಯಲಾಗಲಿಲ್ಲ. ಜೋರಾಗಿಯೇ ನಕ್ಕುಬಿಟ್ಟೆ. ಬೆಂಗಳೂರಿನವನು ನಗಲಿಲ್ಲ, ಮ್ಯಾನೇಜರ ಮುಖ ನೋಡಿದ. ಮ್ಯಾನೇಜರು ಹೂಜಿ ಎತ್ತಿ ಅವನ ಬಟ್ಟಲಿಗೆ ಬಗ್ಗಿಸಿದರು. ನನ್ನ ಬಟ್ಟಲ ಮೇಲೆ ಹೂಜಿಯನ್ನು ತಂದು, ಒಂದು ಗಳಿಗೆ ಹಿಡಿದು, ಹಾಗೇ ಕೆಳಗಿಟ್ಟರು.

"ಇವನ ಅಜ್ಜ ಹೆಂಡ ಇಳಿಸ್ತಿದ್ರಂತೆ ಕಣಯ್ಯಾ. ಇವನಿಗೆ ರೀತಿನೀತಿ ಎಲ್ಲಿಂದ ಬರ್ಬೇಕು," ಎಂದರು.

ಅಲ್ಲಿಂದ ಶುರುವಾಯಿತು. ಮುಂದಿನ ಗುರುವಾರವೂ ನನ್ನ ಬಟ್ಟಲಿಗೆ ಬೀಳಲಿಲ್ಲ, ಅದರ ಮುಂದಿನ ಗುರುವಾರವೂ ಬೀಳಲಿಲ್ಲ. ಬೆಂಗಳೂರಿನವನು ನನ್ನ ಬಟ್ಟಲನ್ನು ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ನಾನು ಮಾತ್ರ ಎರಡೂ ಕೈಯಲ್ಲಿ ಹೂಜಿ ಹಿಡಿದು ಅವರಿಬ್ಬರಿಗೆ ಬಗ್ಗಿಸುತ್ತಿದ್ದೆ.

ಹೋಗುವುದನ್ನು ನಿಲ್ಲಿಸಬಹುದಿತ್ತಲ್ಲ ಎಂದು ಯಾರಾದರೂ ಕೇಳಬಹುದು. ನಿಲ್ಲಿಸುವ ಹಾಗಿರಲಿಲ್ಲ. ಅದೇ ಹೊತ್ತಿಗೆ ಕಂಪನಿಯಲ್ಲಿ ಜನ ಕಡಿಮೆ ಮಾಡುತ್ತಾರೆಂಬ ಸುದ್ದಿ ಎದ್ದಿತ್ತು. ನಮ್ಮ ಕಡೆಯಿಂದ ಒಬ್ಬ ಹೋಗಬೇಕು, ಬೆಂಗಳೂರಿನವನೋ ನಾನೋ, ಯಾರೆಂದು ಹೆಸರು ಕೊಡುವವರು ತಾವೇ ಎಂದು ಮ್ಯಾನೇಜರು ಸೂಚ್ಯವಾಗಿ ಹೇಳಿದ್ದರು. ನನ್ನ ಮಗಳು ಈಸಾ ಟೌನಿನ ಶಾಲೆಯಲ್ಲಿ ಹತ್ತನೆಯ ತರಗತಿ. ಕೆಲಸ ಹೋಗಿ ವೀಸಾ ರದ್ದಾದರೆ ಬೋರ್ಡ್ ಪರೀಕ್ಷೆಗೆ ಮೊದಲೇ ಅವಳನ್ನು ಎಬ್ಬಿಸಿಕೊಂಡು ಊರಿಗೆ ಹೋಗಬೇಕು, ಅವಳ ವರ್ಷ ಹಾಳು. ಒಮ್ಮೆ ಧೈರ್ಯ ಮಾಡಿ ಮ್ಯಾನೇಜರ ಕ್ಯಾಬಿನ್ನಿಗೆ ಹೋಗಿ ಇದನ್ನು ಹೇಳಿಕೊಂಡೆ.

"ನೋಡೋಣ ಕಣಯ್ಯಾ," ಎಂದರು. ಕಂಪ್ಯೂಟರಿನಿಂದ ಕಣ್ಣು ತೆಗೆಯಲಿಲ್ಲ.

ಹಾಗಾಗಿ ನಾನು ಪ್ರತಿ ಗುರುವಾರ ಹೋಗಿ ಖಾಲಿ ಬಟ್ಟಲ ಮುಂದೆ ಕೂರುತ್ತಿದ್ದೆ. ಇವತ್ತು ಅವರು ಬಗ್ಗಿಸಿದರೆ ನನ್ನ ಕೆಲಸ ಉಳಿಯಿತು ಎಂದೇ ಲೆಕ್ಕ. ನಾನೇ ಬಗ್ಗಿಸಿಕೊಂಡರೆ ಅವರ ವಿರುದ್ಧ ಸೆಟೆದು ನಿಂತ ಹಾಗೆ. ಸುಟ್ಟ ಅನ್ನ ತಿನ್ನುತ್ತಾ, ನೀರು ಕುಡಿಯುತ್ತಾ, ಅವರ ಒಸಾಕಾದ ಕತೆಗಳಿಗೆ ತಲೆಯಾಡಿಸುತ್ತಾ ಕೂತಿರುತ್ತಿದ್ದೆ.

ಒಡತಿಗೆ ಇದು ಅರ್ಥವಾಗಿರಬೇಕು. ಒಂದು ದಿನ ಅವಳು ಕೌಂಟರಿನ ಹಿಂದಿನಿಂದ ಎದ್ದುಬಂದು, ನಮ್ಮ ಮೇಜಿನ ಹೂಜಿ ತೆಗೆದುಕೊಂಡು, ಸದ್ದಿಲ್ಲದೆ ನನ್ನ ಬಟ್ಟಲು ತುಂಬಿಸಿ ಹೋದಳು. ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದು. ಆದರೆ ನನ್ನ ಮರ್ಯಾದೆ ಪೂರ್ತಿ ಹೋದದ್ದು ಅವತ್ತೇ.

"ಅಯ್ಯೋ ಪಾಪ, ಅಜ್ಜಿ ಬಂದು ಮಗೂಗೆ ಹಾಲು ಕುಡಿಸಿದ್ಲಲ್ಲಪ್ಪಾ!" ಎಂದರು ಮ್ಯಾನೇಜರು.

ಬೆಂಗಳೂರಿನವನು ಮೇಜು ತಟ್ಟಿ ತಟ್ಟಿ ನಕ್ಕ. "ಸೂಪರ್ ಸಾರ್, ಸೂಪರ್! ಇನ್ಮೇಲೆ ಅಜ್ಜಿ ಮಗು ಅಂತಾನೇ ಕರೆಯೋಣ." ಶುಕ್ರವಾರ, ಶನಿವಾರದ ರಜೆ ಕಳೆದು ಭಾನುವಾರ ಆಫೀಸಿಗೆ ಹೋದರೆ ಗೋದಾಮಿನ ಹುಡುಗರಿಗೂ ಆ ಹೆಸರು ಗೊತ್ತಾಗಿತ್ತು. ಮುಂದಿನ ಗುರುವಾರ ಒಡತಿಗೆ ಕಣ್ಸನ್ನೆ ಮಾಡಿ ಇನ್ನು ಬರಬೇಡ ಎಂದೆ. ಅವಳು ಮತ್ತೆ ಬರಲಿಲ್ಲ.

ಇದರ ಮೇಲೆ ಇನ್ನೊಂದು. ಇಲ್ಲಿ ಕುಡಿದು ಗಾಡಿ ಓಡಿಸಿ ಸಿಕ್ಕಿಬಿದ್ದರೆ ಕತೆ ಮುಗಿದಂತೆ. ಮೊದಲೆಲ್ಲ ಟ್ಯಾಕ್ಸಿಯಲ್ಲಿ ಹೋಗುತ್ತಿದ್ದೆವು. ಈಗ ಮ್ಯಾನೇಜರು ತಮ್ಮ ಕಾರು ತರತೊಡಗಿದರು. ಎದ್ದು ಹೊರಡುವಾಗ ಕೀಲಿಯನ್ನು ನನ್ನ ಕಡೆ ಎಸೆದು, "ನೀನು ಹೇಗೂ ಕುಡಿದಿಲ್ವಲ್ಲ, ಗಾಡಿ ಓಡಿಸು," ಎನ್ನುತ್ತಿದ್ದರು. ಬೆಂಗಳೂರಿನವನನ್ನು ದಾರಿಯಲ್ಲಿಳಿಸಿ, ಹಮದ್ ಟೌನಿನ ಒಂದಾದ ಮೇಲೊಂದು ರೌಂಡಬೌಟ್ ಸುತ್ತಿ, ಅವರನ್ನು ಮನೆಬಾಗಿಲಿಗೆ ಬಿಟ್ಟು, ಕೀಲಿ ಕೊಟ್ಟು, ಆಮೇಲೆ ನಾನು ಟ್ಯಾಕ್ಸಿ ಹುಡುಕಿಕೊಂಡು ಈಸಾ ಟೌನಿಗೆ ಬರುತ್ತಿದ್ದೆ.

ಬಾಗಿಲು ತೆಗೆದ ಕೂಡಲೇ ಹೆಂಡತಿಯ ಪ್ರಶ್ನೆ ಒಂದೇ. "ಇವತ್ತಾದ್ರೂ ಹಾಕಿದ್ರಾ ನಿಮ್ಗೆ?"

"ಇಲ್ಲ."

ಅವಳು ಒಳಗೆ ಓದುತ್ತಾ ಕೂತ ಮಗಳ ಕಡೆ ಒಮ್ಮೆ ನೋಡಿ, ಬಡಿಸುತ್ತಿದ್ದಳು. ಗಂಡ ಕುಡಿದು ಬರಲಿಲ್ಲವಲ್ಲ ಎಂದು ಬೇಜಾರು ಮಾಡಿಕೊಳ್ಳುವ ಹೆಂಡತಿ ನಮ್ಮ ಕಡೆ ಇನ್ನೊಬ್ಬಳು ಇರಲಿಕ್ಕಿಲ್ಲ.

ರಂಜಾನ್ ಬಂತು, ಪಬ್ಬು ಮುಚ್ಚಿತು. ಆ ಒಂದು ತಿಂಗಳು ನನಗೆ ಹಬ್ಬ. ಈದ್ ಮುಗಿದ ಮೇಲೆ ಮತ್ತೆ ಅದೇ ಮೇಜು, ಅದೇ ಖಾಲಿ ಬಟ್ಟಲು. ಇಲ್ಲಿ ಓದಿನ ವರ್ಷದ ನಡುವೆ ಬರುವ ಬೇಸಿಗೆ ರಜೆ ಮುಗಿದು, ಸೆಪ್ಟೆಂಬರಿನಲ್ಲಿ ಶಾಲೆ ಮತ್ತೆ ಶುರುವಾದಾಗಲೂ ಅದೇ.

ಆಮೇಲೆ ಒಂದು ಭಾನುವಾರ ಬೆಳಿಗ್ಗೆ ನಮ್ಮ ಅರಬಾಬ್, ಎಂದರೆ ಕಂಪನಿಯ ಬಹ್ರೈನಿ ಧಣಿ, ಗೋದಾಮಿಗೆ ಬಂದರು. ಸಲಾಂ ಹೇಳಿ, ಖಾವಾ, ಎಂದರೆ ಅರಬರ ಕಾಫಿ, ಕುಡಿದು, ರ‍್ಯಾಕುಗಳ ನಡುವೆ ನನ್ನ ಜೊತೆ ಸ್ವಲ್ಪ ಹೊತ್ತು ಓಡಾಡಿದರು. ಅವರು ಹೇಳಿದ್ದು ಇಷ್ಟು: ಆಫೀಸನ್ನು ಮುಚ್ಚಿ ಲೆಕ್ಕಪತ್ರವನ್ನೆಲ್ಲ ಹೊರಗಿನವರಿಗೆ ಕೊಡುತ್ತೇನೆ, ಮ್ಯಾನೇಜರೂ ಬೇಡ, ಕಂಪ್ಯೂಟರಿನವನೂ ಬೇಡ, ಗೋದಾಮು ಇರಬೇಕು, ನೀನು ಇರಬೇಕು. ಇನ್ನು ಮೇಲೆ ಏನಿದ್ದರೂ ನೇರವಾಗಿ ನನಗೇ ಹೇಳು.

ಮ್ಯಾನೇಜರು ನನ್ನ ಬಗ್ಗೆ ಏನು ಹೇಳಿದ್ದರು ಎಂದು ನಾಲಿಗೆ ತುರಿಸಿ ಕೇಳಿದೆ. ಅರಬಾಬ್ ಅಚ್ಚರಿಯಿಂದ ನೋಡಿದರು. ಅವನನ್ನು ಯಾರು ಕೇಳಿದರು, ಎಂದರು.

ಯಾರೂ ಕೇಳಿರಲಿಲ್ಲ! ಹೆಸರು ಕೊಡುವ ಅಧಿಕಾರವನ್ನು ಆ ಮನುಷ್ಯನಿಗೆ ಯಾರೂ ಕೊಟ್ಟಿರಲೇ ಇಲ್ಲ. ಅಷ್ಟು ತಿಂಗಳು ನಾನು ಬಾಯಿ ಒಣಗಿಸಿಕೊಂಡು ಕೂತದ್ದು, ಅಜ್ಜಿ ಮಗು ಅನ್ನಿಸಿಕೊಂಡದ್ದು, ಹಮದ್ ಟೌನಿನ ರೌಂಡಬೌಟುಗಳನ್ನು ಸುತ್ತಿದ್ದು, ನನ್ನ ಹೆಂಡತಿ ನಿದ್ದೆಗೆಟ್ಟದ್ದು, ಎಲ್ಲ ಒಂದು ಸುಳ್ಳಿಗಾಗಿ. ಕೆಲಸ ಉಳಿಯಿತೆಂಬ ಸಂತೋಷಕ್ಕಿಂತ ಈ ಸಿಟ್ಟೇ ನನ್ನಲ್ಲಿ ಹೆಚ್ಚು ಹೊತ್ತು ಉಳಿಯಿತು.

ಬೆಂಗಳೂರಿನವನು ವಾರದೊಳಗೆ ದುಬೈಯಲ್ಲಿ ಕೆಲಸ ಹುಡುಕಿಕೊಂಡು ಹೋದ. ಮ್ಯಾನೇಜರಿಗೆ ಆ ವಯಸ್ಸಿನಲ್ಲಿ ಎಲ್ಲೂ ಸಿಗಲಿಲ್ಲ. ನಾನು ಗುರುವಾರದ ಸಂಜೆಗಳನ್ನು ಬಿಡಲಿಲ್ಲ. ಒಬ್ಬನೇ ಹೋಗಿ ಕೌಂಟರಿನಲ್ಲಿ ಕೂರುತ್ತಿದ್ದೆ, ಒಡತಿ ಕೆಲಸ ಮಾಡುತ್ತಲೇ ಆಗಾಗ ನನ್ನ ಬಟ್ಟಲು ತುಂಬಿಸುತ್ತಿದ್ದಳು. ಮೀನಿನ ಸಾರು, ಹೊಗೆಯ ಮೂಲಂಗಿ, ಬೆಚ್ಚಗಿನ ಮದ್ಯ. ಆ ಮದ್ಯದ ನಿಜವಾದ ರುಚಿ ನನಗೆ ತಿಳಿದದ್ದು ಆಗಲೇ. ಅಕ್ಕಿಯ ಗಂಜಿಯ ಸಿಹಿ ಮೊದಲು, ಆಮೇಲೆ ಸಣ್ಣ ಒಗರು.

ಒಂದು ಗುರುವಾರ ಹೋದಾಗ ಮ್ಯಾನೇಜರು ಕೌಂಟರಿನಲ್ಲಿ ಕೂತಿದ್ದರು. ಅವರ ಮುಂದೆ ತುಂಬಿದ ಹೂಜಿ, ಪಕ್ಕದಲ್ಲಿ ಖಾಲಿ ಬಟ್ಟಲು. ಒಡತಿ ಒಳಗೆ ಕೆಂಡದ ಮುಂದೆ ಇದ್ದಳು. ಅವಳೆದುರು ಅಷ್ಟೆಲ್ಲ ಉಪದೇಶ ಮಾಡಿದ ಮೇಲೆ ತಾವೇ ಬಗ್ಗಿಸಿಕೊಳ್ಳಲು ಅವರಿಗೆ ಮುಖವಿರಲಿಲ್ಲ. ನನ್ನನ್ನು ಕಂಡು ಎದ್ದು ನಿಂತರು. ಅವರು ನನಗಾಗಿ ಎದ್ದದ್ದು ಅದೇ ಮೊದಲು.

"ಬನ್ನಿ, ಬನ್ನಿ," ಎಂದರು. ಹಿಂದಿನ 'ಕಣಯ್ಯಾ' ಈಗ 'ಬನ್ನಿ' ಆಗಿತ್ತು. "ನಿಮ್ಮನ್ನೇ ಕಾಯ್ತಿದ್ದೆ. ಒಂದು ಉಪಕಾರ ಆಗ್ಬೇಕಿತ್ತು."

ಪಕ್ಕದಲ್ಲಿ ಕೂತೆ. ಮಗ ಹನ್ನೆರಡನೆಯ ತರಗತಿಯಂತೆ. ವೀಸಾ ಈಗಲೇ ರದ್ದು ಮಾಡಿದರೆ ಪರೀಕ್ಷೆಗೆ ಮೊದಲು ಹೊರಡಬೇಕು, ಹುಡುಗನ ಭವಿಷ್ಯ ಹಾಳಾಗುತ್ತದೆ, ಪರೀಕ್ಷೆ ಮುಗಿಯುವವರೆಗೆ ಕಂಪನಿಯಲ್ಲಿ ಹೆಸರಿಗೆ ಮಾತ್ರ ಇಟ್ಟುಕೊಂಡರೆ ಸಾಕು. "ಅರಬಾಬ್ ಈಗ ನಿಮ್ಮ ಮಾತು ಕೇಳ್ತಾರೆ. ಒಂದು ಮಾತು ಹಾಕಿದ್ರೆ..." ಎನ್ನುತ್ತಾ ಖಾಲಿ ಬಟ್ಟಲನ್ನು ಬೆರಳಿನಿಂದ ಸ್ವಲ್ಪ ನನ್ನ ಕಡೆ ಸರಿಸಿದರು. ಬೇಕೆಂದೇ ಸರಿಸಿದರೋ ಗೊತ್ತಿಲ್ಲ.

ಅವರು ಹೇಳುತ್ತಿದ್ದ ಹೆದರಿಕೆ ಎಂಥದ್ದೆಂದು ನನಗಿಂತ ಚೆನ್ನಾಗಿ ಬಲ್ಲವರು ಆ ಕೋಣೆಯಲ್ಲಿರಲಿಲ್ಲ. ಒಂದೊಂದು ಮಾತೂ ನನ್ನದೇ. ಅದಕ್ಕೇ ಕೇಳಲು ಅಷ್ಟು ಹಿತವಾಗಿತ್ತು.

ಒಡತಿ ಬಂದಳು. ನನ್ನ ಹೂಜಿ ತಂದು, ನನಗೆ ಬಗ್ಗಿಸಿ, ಅವರ ಬಟ್ಟಲ ಕಡೆಯೂ ಕೈ ಚಾಚಿದಳು. ನಾನು ಮೆಲ್ಲಗೆ, ಇವರು ನಿಮ್ಮ ಜಪಾನಿನ ಪದ್ಧತಿಯವರು, ಜೊತೆಯವರೇ ಬಗ್ಗಿಸಬೇಕು, ನೀವು ಬಿಡಿ, ಎಂದೆ. ಅವಳು ನನ್ನ ಮುಖವನ್ನೊಮ್ಮೆ ನೋಡಿದಳು. ಆಮೇಲೆ ಕೈ ಹಿಂದಕ್ಕೆ ತೆಗೆದುಕೊಂಡು ಕೆಂಡದ ಕಡೆ ಹೋದಳು.

ನಾನು ನಿಧಾನವಾಗಿ ಊಟ ಮಾಡಿದೆ. ಸುಟ್ಟ ಅನ್ನ ಚೆನ್ನಾಗಿದೆ, ತಗೊಳ್ಳಿ ಸಾರ್ ಎಂದು ಉಪಚಾರವನ್ನೂ ಮಾಡಿದೆ. ಅವರು ಮಗನ ವಿಷಯ ಇನ್ನೊಮ್ಮೆ ಹೇಳಿದರು. ಅವರ ಹೂಜಿಯನ್ನು ಎತ್ತಿದೆ. ಅವರು ಬೇಗನೆ ಬಟ್ಟಲನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದರು. ಹೂಜಿಯ ಹೊಟ್ಟೆ ಮುಟ್ಟಿ ನೋಡಿ, "ತಣ್ಣಗಾಗಿದೆ ಸಾರ್," ಎಂದು ಕೆಳಗಿಟ್ಟೆ.

ಹೊರಡುವ ಹೊತ್ತಾಯಿತು. "ಸಾರ್, ನಾನು ಗಾಡಿ ತರ್ಲಿಲ್ಲ. ನೀವು ಹೇಗೂ ಕುಡಿದಿಲ್ಲ ಅಲ್ವಾ? ನನ್ನನ್ನು ಮನೆಗೆ ಬಿಡಿ," ಎಂದೆ.

ಅವರು ಕೀಲಿ ತೆಗೆದರು. ನಾನು ಹಿಂದಿನ ಸೀಟಿನಲ್ಲಿ ಕೂತೆ. ಪ್ರತಿ ಸಿಗ್ನಲಿನಲ್ಲೂ ಕನ್ನಡಿಯಲ್ಲಿ ನನ್ನನ್ನು ನೋಡುತ್ತಾ ಪರೀಕ್ಷೆಯ ವಿಷಯ ಎತ್ತುತ್ತಿದ್ದರು. ನಾನು ಪ್ರತಿ ಸಲವೂ "ನೋಡೋಣ ಸಾರ್" ಎಂದೆ. ಅರಬಾಬ್ ಹತ್ತಿರ ನಾನು ಆ ಮಾತು ಎತ್ತಲಿಲ್ಲ. ಮುಂದಿನ ತಿಂಗಳು ಮ್ಯಾನೇಜರ ಸಂಸಾರ ಮೈಸೂರಿಗೆ ಹೋಯಿತು, ಹುಡುಗನಿಗೆ ಆ ವರ್ಷ ಪರೀಕ್ಷೆ ಬರೆಯಲಾಗಲಿಲ್ಲ ಎಂದು ಕೇಳಿದೆ. ಹುಡುಗನದೇನು ತಪ್ಪು ಎನ್ನುವವರು ನನ್ನ ಮಗಳದೇನು ತಪ್ಪಿತ್ತು ಎಂದೂ ಕೇಳಲಿ.

ಅವತ್ತು ಹೆಂಡತಿ ಕಿಟಕಿಯಿಂದ ಕಾರನ್ನೂ ಕಂಡಿದ್ದಳು, ಓಡಿಸುತ್ತಿದ್ದವರನ್ನೂ ಕಂಡಿದ್ದಳು. ಬಾಗಿಲು ತೆಗೆದಳು.

"ನೀವು ಅವ್ರಿಗೆ ಹಾಕಿದ್ರಾ?"

"ಇಲ್ಲ."

"ಒಳ್ಳೇದಾಯ್ತು," ಎಂದಳು. ಆಮೇಲೆ ಮಗಳನ್ನು ಊಟಕ್ಕೆ ಕರೆದು, ನನ್ನ ಹೊಟ್ಟೆ ತುಂಬಿದೆಯೆಂದು ಗೊತ್ತಿದ್ದರೂ ನನಗೂ ಒಂದು ತಟ್ಟೆ ಇಟ್ಟಳು.