ಚುಕ್ಕೆ ಇಡದ ಚರಣ

ಯುದ್ಧದ ಕಾಲದಲ್ಲಿ ದೊಡ್ಡಬಳ್ಳಾಪುರದ ನಮ್ಮ ಸಂಗೀತ ಪಾಠಶಾಲೆಯಿಂದ ಒಂದು ಪತ್ರಿಕೆ ಹೊರಡುತ್ತಿತ್ತು. ಅದಕ್ಕೆ ನಾನು ಸಂಪಾದಕ. ಹೆಸರೇನೋ ದೊಡ್ಡದು, ಲೇಖನಕ್ಕಾಗಿ ವಿದ್ವಾಂಸರ ಬಾಗಿಲು ಕಾಯುವವನೂ ನಾನೇ, ಕರಡು ತಿದ್ದುವವನೂ ನಾನೇ, ಕಟ್ಟು ಹೊತ್ತು ಅಂಚೆ ಕಚೇರಿಗೆ ಓಡುವವನೂ ನಾನೇ. ಕಾಗದಕ್ಕೆ ಬರ ಬಂದು ಪುಟಗಳು ಸೊರಗುತ್ತಿದ್ದವು. ವಿದ್ವಾಂಸರ ಜಗಳ ಮಾತ್ರ ಸೊರಗಲಿಲ್ಲ.

ಪ್ರತಿ ಸಂಚಿಕೆಯಲ್ಲೂ ಒಂದು ಹಾಡನ್ನು ಸ್ವರ ಸಮೇತ ಕೊಡುತ್ತಿದ್ದೆವು. ಸ್ವರದ ಮೇಲೆ ಚುಕ್ಕೆಯಿದ್ದರೆ ದನಿ ಮೇಲಿನ ಸ್ಥಾಯಿಗೆ ಏರಬೇಕು, ಅಡಿಯಲ್ಲಿದ್ದರೆ ಕೆಳಕ್ಕೆ ಇಳಿಯಬೇಕು. ನಮ್ಮೂರಿನ ಪ್ರೆಸ್ಸೋ ಮದುವೆ ಕರೆಯೋಲೆಯ ಮೇಲೆ ಬದುಕುವಂಥದ್ದು. "ಚುಕ್ಕೆ ಇರೋ ಅಚ್ಚಿನ ಮೊಳೆ ನಮ್ಮತ್ರ ಇಲ್ಲ ಸ್ವಾಮಿ, ಚುಕ್ಕೆ ನೀವೇ ಇಟ್ಕೊಳ್ಳಿ" ಎಂದು ಅವರು ಜಾರಿಕೊಂಡರು. ಹಾಗಾಗಿ ಅಚ್ಚಾದ ಮೇಲೆ ಒಂದೊಂದು ಪ್ರತಿಗೂ ಕೈಯಿಂದಲೇ ಚುಕ್ಕೆ ಇಡುವುದು ನಮ್ಮ ಪದ್ಧತಿಯಾಯಿತು.

ಆ ಕೆಲಸ ನನ್ನ ಅಕ್ಕನದು. ಮದುವೆಯಾದ ವರ್ಷವೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು. ಪಾಠಶಾಲೆಯ ಮೇಷ್ಟರು ನಮ್ಮ ನಡುಮನೆಯಲ್ಲಿ ಕೂತು ಹಾಡುತ್ತಿದ್ದರು, ಅವಳು ಕೇಳಿಸಿಕೊಂಡು ಚುಕ್ಕೆ ಇಡುತ್ತಿದ್ದಳು.

"ಬಾಗ್ಲ ಮುಂದೆ ರಂಗೋಲಿ ಇಡೋ ಹಾಗಿಲ್ವಲ್ಲೋ, ಇಲ್ಲಾದ್ರೂ ಇಡ್ತೀನಿ ಬಿಡು" ಎಂದು ನಗುತ್ತಿದ್ದಳು. ನನಗೆ ನಗು ಬರುತ್ತಿರಲಿಲ್ಲ.

ಬರೆಯುವುದಕ್ಕೆ ಅಪ್ಪನ ಅಡ್ಡಿಯಿರಲಿಲ್ಲ. ಅಕ್ಕ ದನಿ ಎತ್ತಿದರೆ ಮಾತ್ರ ಪಡಸಾಲೆಯಿಂದ ಒಂದು ಕೆಮ್ಮು ಬರುತ್ತಿತ್ತು. ಆ ಕೆಮ್ಮಿನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ.

ನಾನು ಕೂಸಾಗಿದ್ದಾಗಲೇ ತೀರಿಕೊಂಡ ಅಮ್ಮ ಒಂದು ಹಾಡು ಕಟ್ಟಿದ್ದಳಂತೆ. ಬಟ್ಟೆ ಒಗೆಯಲು ಕೆರೆಗೆ ಹೋದಾಗ ಅಮ್ಮನ ಬಾಯಿಂದಲೇ ಕಲಿತು, ಅದು ಪೂರ್ತಿ ಗೊತ್ತಿದ್ದವಳು ಅಕ್ಕ ಒಬ್ಬಳೇ. ರಾಗಿ ಬೀಸುವಾಗ, ಕಲ್ಲಿನ ಸದ್ದಿನ ಮರೆಯಲ್ಲಿ, ಪಲ್ಲವಿಯನ್ನಷ್ಟೇ ಗುನುಗುತ್ತಿದ್ದಳು. ಮುಂದಕ್ಕೆ ಹಾಡು ಅಂದರೆ, "ಚರಣಕ್ಕೆ ಗಂಟಲು ಬಿಡ್ಬೇಕು ಕಣೋ. ಮನೇಲಾಗಲ್ಲ" ಎನ್ನುತ್ತಿದ್ದಳು.

ಒಂದು ದಿನ ತಾನಾಗಿ ಕೇಳಿದಳು. "ಅಮ್ಮನ ಹಾಡು ನಿನ್ ಪತ್ರಿಕೇಲಿ ಹಾಕ್ತೀಯಾ? ಅಚ್ಚಾದ್ರೆ ಎಲ್ಲೋ ಯಾರಾದ್ರೂ ಗಟ್ಟಿಯಾಗಿ ಹಾಡ್ತಾರೆ."

ಅವಳು ಏನನ್ನಾದರೂ ಕೇಳಿದ್ದು ಅದೊಂದೇ. ಕುಣಿದುಬಿಟ್ಟೆ. ಅವಳೇ ಸ್ವರ ಬರೆದುಕೊಟ್ಟಳು, ಚುಕ್ಕೆಯಿಲ್ಲದೆ. ಚುಕ್ಕೆ ಹೇಗಿದ್ದರೂ ಅಚ್ಚಾದ ಮೇಲೆ ತಾನೇ. ಹಾಳೆ ಪ್ರೆಸ್ಸಿಗೆ ಹೋಯಿತು. ಅಕ್ಕನಿಗೆ ವಿಷಮಶೀತ ಜ್ವರ ಬಂತು. ಅಚ್ಚಾದ ಕಟ್ಟು ಮನೆಗೆ ಬರುವಷ್ಟರಲ್ಲಿ ಅವಳಿರಲಿಲ್ಲ.

ಸೂತಕ ಕಳೆದ ಮೇಲೆ ನಾನೂ ಮೇಷ್ಟರೂ ಕಟ್ಟು ಬಿಚ್ಚಿದೆವು. ಪಲ್ಲವಿಗೆ ಚುಕ್ಕೆ ಇಟ್ಟೆ. ಚರಣಕ್ಕೆ ಬಂದು ಕೈ ನಿಂತಿತು. ಮೇಷ್ಟರು ಒಮ್ಮೆ ಏರಿಸಿ ಹಾಡಿದರು, ಒಮ್ಮೆ ಇಳಿಸಿ ಹಾಡಿದರು. "ಎರಡೂ ಚೆನ್ನಾಗೇ ಇದೆ ಕಣಪ್ಪ. ಆದ್ರೆ ನಿಮ್ಮಮ್ಮಂದು ಯಾವ್ದೋ, ಯಾರನ್ನ ಕೇಳೋಣ?" ಎಂದರು.

ಕೇಳಲು ಉಳಿದಿದ್ದವರು ಒಬ್ಬರೇ. ಪಡಸಾಲೆಗೆ ಹೋದೆ. "ಅಮ್ಮ ಇದನ್ನ ಹಾಡಿದ್ದು ನೀವು ಕೇಳಿರ್ಬೇಕಲ್ಲಪ್ಪ? ಚರಣ ಹೇಗಿತ್ತು?"

ಅಪ್ಪ ಹಾಳೆಯನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ನೋಡಿದರು. ಅವರು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಗಟ್ಟಿಯಾಗಿ ಹಾಡೋಕೆ ಅವಳನ್ನ ಬಿಟ್ಟಿದ್ರೆ ತಾನೇ ನಾನು ಕೇಳಿರೋದು" ಎಂದರು.

ಸುಳ್ಳು ಚುಕ್ಕೆ ಇಡಲು ನನಗೆ ಮನಸ್ಸು ಬರಲಿಲ್ಲ. ಆ ಸಂಚಿಕೆಯನ್ನು ಹಾಗೆಯೇ ಅಂಚೆಗೆ ಹಾಕಿದೆ.